ಹದಿನೇಳನೇ ಸಾಲಿಗೆ ಬರೆದ ಶೂ

“ಒಂದು ಮನೆ ಹೇಗಿದೆ ಅಂತ ತಿಳೀಬೇಕಾದ್ರೆ ಒಳಗೆ ಹೋಗೋದೇ ಬೇಡ. ಬಾಗಿಲ ಹೊರಗೆ ಒಂದು ಗಳಿಗೆ ನಿಂತು ಚಪ್ಪಲಿ ನೋಡಿದ್ರೆ ಸಾಕು. ಒಳಗಡೆ ಯಾರೂ ಸರಿಯಾಗಿ ಹೇಳಲ್ಲ. ಇದ್ದವರು ಇಲ್ಲ ಅಂತಾರೆ, ಇಲ್ಲದವರು ಇದೆ ಅಂತಾರೆ. ಹಾಲು ಎಷ್ಟು ತಗೋತೀರಿ ಅಂದ್ರೆ ಪಕ್ಕದ ಮನೆಯವಳಿಗೆ ಕೇಳಿಸೋ ಹಾಗೆ ಅರ್ಧ ಲೀಟರು ಸೇರಿಸಿ ಹೇಳ್ತಾರೆ. ಆದ್ರೆ ಚಪ್ಪಲಿ ಹೊರಗೆ ಬಿದ್ದಿರುತ್ತಲ್ಲ, ಅದಕ್ಕೆ ಸುಳ್ಳು ಹೇಳೋಕೆ ಬರಲ್ಲ. ಮೊದ್ಲು ಹಿಮ್ಮಡಿ ನೋಡ್ತೀನಿ. ಹಿಮ್ಮಡಿ ಸವೆದು ಕಾಗದ ಆಗಿದ್ರೆ ಆ ಮನೇಲಿ ಕೆಲಸ ಇದೆ, ದುಡ್ಡಿಲ್ಲ. ಹಿಮ್ಮಡಿ ಚೆನ್ನಾಗಿದ್ದು ಮೇಲೆ ಧೂಳು ಕೂತಿದ್ರೆ ಒಂದು ಕಾಲಕ್ಕೆ ದುಡ್ಡಿತ್ತು, ಈಗ ಕೆಲಸ ಹೋಗಿದೆ. ಮಗುವಿನ ಚಪ್ಪಲಿ ಎರಡು ಬೆರಳು ದೊಡ್ಡದಿದ್ರೆ ತಾಯಿ ಮುಂದಿನ ವರ್ಷದ್ದನ್ನೂ ಯೋಚನೆ ಮಾಡಿ ತಂದಿದ್ದಾಳೆ. ಮಗುವಿನ ಹಿಮ್ಮಡಿ ಚಪ್ಪಲಿಯಿಂದ ಆಚೆ ಬಂದಿದ್ರೆ ಆ ಮುಂದಿನ ವರ್ಷ ಬಂದಾಯ್ತು, ದುಡ್ಡು ಬಂದಿಲ್ಲ. ಕಷ್ಟ ಬಂದಾಗ ಮೊದ್ಲು ನಿಲ್ಲೋದು ತಾಯಿ ಚಪ್ಪಲಿ, ಆಮೇಲೆ ತಂದೇದು, ಕೊನೇಗೆ ಮಕ್ಕಳದ್ದು. ಮೂವತ್ತೊಂದು ವರ್ಷ ನೋಡಿದೀನಿ. ಇದು ತಪ್ಪಿದ್ದು ಒಂದೇ ಒಂದು ಸಲ. ಆ ಸಲಾನೂ ತಪ್ಪಿದ್ದು ಚಪ್ಪಲಿ ಅಲ್ಲ, ನಾನು.”

ಹೀಗೆ ಹೇಳುತ್ತಿದ್ದವಳನ್ನು ಬೀದಿಬೀದಿಯ ಮಕ್ಕಳೆಲ್ಲ ಲೆಕ್ಕದಮ್ಮ ಎಂದೇ ಕರೆಯುತ್ತಿದ್ದರು. ಹೆಗಲಿಗೆ ದಪ್ಪ ಬಟ್ಟೆಯ ಚೀಲ, ಚೀಲದಲ್ಲಿ ಫಾರಮ್ಮುಗಳ ಕಟ್ಟು, ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ ಪೆನ್ನು. ಜಿಲ್ಲಾ ಕಚೇರಿಯಲ್ಲಿ ಮನೆಖರ್ಚಿನ ಸಮೀಕ್ಷೆ ಮಾಡುವ ಕೆಲಸ ಅವಳದು. ವರ್ಷಕ್ಕೊಮ್ಮೆ ಪ್ರತಿ ಬೀದಿಯಲ್ಲೂ ಗೊತ್ತುಮಾಡಿದ ಎಂಟು ಮನೆಗೆ ಹೋಗಿ, ಊಟಕ್ಕೆಷ್ಟು, ಬಟ್ಟೆಗೆಷ್ಟು, ಸೀಮೆಎಣ್ಣೆಗೆಷ್ಟು ಎಂದು ನಲವತ್ತಾರು ಸಾಲಿನ ಫಾರಂ ತುಂಬಿಸಿಕೊಂಡು ಬರಬೇಕು. ಹದಿನೇಳನೇ ಸಾಲು ಪಾದರಕ್ಷೆಯದು.

ಆ ಸಾಲಿಗೆ ಬಂದಾಗ ಜನಕ್ಕೆ ನಗು. ಒಬ್ಬ ಬಡಗಿ ಪ್ರತಿ ವರ್ಷವೂ ಒಂದೇ ಮಾತು ಹೇಳುತ್ತಿದ್ದ: “ಹೋದ ವರ್ಷ ಒಂದು ಜೊತೆ ಕಳಕೊಂಡೆ, ಯಾರದೋ ಒಂದು ಜೊತೆ ಹಾಕ್ಕೊಂಡು ಬಂದೆ. ಇದನ್ನ ಖರ್ಚಿಗೆ ಬರೀತೀರೋ ಜಮಾಕ್ಕೋ ನೀವೇ ನೋಡಿ ಅಮ್ಮ.” ಲೆಕ್ಕದಮ್ಮ ನಗದೆ ಸೊನ್ನೆ ಬರೆದು ಮುಂದಿನ ಸಾಲಿಗೆ ಹೋಗುತ್ತಿದ್ದಳು. ಮನೆಗೆ ಬಂದು ತಂಗಿಗೆ ಹೇಳಿ ನಗುತ್ತಿದ್ದಳು.

ತಂಗಿ ಹೊಲಿಗೆಯವಳು. ಗಂಡ ತೀರಿಕೊಂಡ ಮೇಲೆ ಅಕ್ಕನ ಜೊತೆಗೇ ಬಂದು ಇದ್ದಳು, ಅಕ್ಕ ಮದುವೆಯಾಗಿರಲಿಲ್ಲ. ಎರಡು ಕೋಣೆಯ ಮನೆ, ಮುಂದೊಂದು ಕಲ್ಲಿನ ಮೆಟ್ಟಿಲು, ಕಿಟಕಿಯ ಹತ್ತಿರ ಹೊಲಿಗೆ ಯಂತ್ರ. ತಂಗಿಯ ನಾಲಿಗೆ ಅವಳ ಕತ್ತರಿಗಿಂತ ಹರಿತ. ಅಕ್ಕ ಸಂಜೆ ಬಂದು ಊರಿನವರ ಚಪ್ಪಲಿಯ ಸಮಾಚಾರ ಶುರುಮಾಡಿದರೆ ಸೂಜಿಗೆ ದಾರ ಪೋಣಿಸುತ್ತಲೇ, “ಊರೋರ ಕಾಲು ನೋಡಿ ನೋಡಿ ನಿಂಗೆ ಮುಖ ನೋಡೋದೇ ಮರೆತುಹೋಗಿದೆ ಕಣಕ್ಕ” ಎನ್ನುತ್ತಿದ್ದಳು.

ಕಚೇರಿಗೆ ಹೊಸ ಸಾಹೇಬರು ಬಂದರು. ಒಳ್ಳೆಯ ಮನುಷ್ಯ, ಆದರೆ ಕೈ ಹಾಕಿದ್ದು ನಾಳೆಯೇ ಆಗಬೇಕೆನ್ನುವ ಜಾತಿ. ಶಾಲೆ ದೂರವಿರುವ ಬಡ ಬೀದಿಗಳ ಮಕ್ಕಳಿಗೆ ಪುಕ್ಕಟೆ ವ್ಯಾನು ಬಿಡಬೇಕು ಎಂದು ಅವರ ಆಸೆ. ವ್ಯಾನು ಇದ್ದದ್ದು ಮೂರು, ಬೀದಿಗಳು ಇಪ್ಪತ್ತು. ಯಾವ ಬೀದಿಯಲ್ಲಿ ಎಷ್ಟು ಬಡತನ ಎಂದು ತಿಳಿಯುವುದಕ್ಕೆ ನಲವತ್ತಾರು ಸಾಲೂ ಕೂಡಿಸುತ್ತ ಕುಳಿತರೆ ವರ್ಷ ಮುಗಿಯುತ್ತದೆ, ಬೇಗ ತಿಳಿಯುವ ದಾರಿ ಏನಾದರೂ ಇದೆಯೇ ಎಂದು ಒಂದು ಮಧ್ಯಾಹ್ನ ಎಲ್ಲರನ್ನೂ ಕೇಳಿದರು. ಗುಮಾಸ್ತರೆಲ್ಲ ತಲೆ ಕೆರೆದುಕೊಂಡರು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಲೆಕ್ಕದಮ್ಮ ಎದ್ದು ನಿಂತು, ಹೊಟ್ಟೆಗೆ ಎಲ್ಲರೂ ಹೇಗೋ ಖರ್ಚು ಮಾಡುತ್ತಾರೆ ಸಾರ್, ಕಾಲಿಗೆ ಖರ್ಚು ಮಾಡುವುದು ಕೈಯಲ್ಲಿ ಮಿಕ್ಕಿದಾಗ ಮಾತ್ರ, ಹದಿನೇಳನೇ ಸಾಲು ನೋಡಿ ಎಂದಳು. ಸಾಹೇಬರು ಹಳೆಯ ಫಾರಮ್ಮುಗಳನ್ನು ತರಿಸಿ ನೋಡಿದರು. ಅವಳು ಹೇಳಿದ ಹಾಗೆಯೇ ಇತ್ತು. ಅಂದಿನಿಂದ ಅದೇ ಕಟ್ಟಳೆಯಾಯಿತು: ಎಂಟು ಮನೆಯ ಪಾದರಕ್ಷೆ ಖರ್ಚು ಕೂಡಿಸುವುದು, ಯಾವ ಮೂರು ಬೀದಿಗೆ ಎಲ್ಲಕ್ಕಿಂತ ಕಡಿಮೆಯೋ ಅಲ್ಲಿಗೆ ವ್ಯಾನು. ಆವತ್ತು ಮನೆಗೆ ಬಂದವಳ ಕಾಲು ನೆಲದ ಮೇಲಿರಲಿಲ್ಲ. ತಂಗಿಗೆ ನಾಲ್ಕು ಸಲ ಹೇಳಿದಳು. ಐದನೇ ಸಲ ಶುರುಮಾಡಿದಾಗ ತಂಗಿ ಹೊಲಿಗೆ ಯಂತ್ರವನ್ನು ಜೋರಾಗಿ ತುಳಿದಳು.

ಗೋದಾಮುಗಳ ಹಿಂದಿನ ಬೀದಿಗೆ ಮೊದಲ ವರ್ಷವೇ ವ್ಯಾನು ಬಂತು. ಮೂಟೆ ಹೊರುವವರು, ಇಸ್ತ್ರಿ ಮಾಡುವವರು, ಗೋಣಿಚೀಲ ತೇಪೆ ಹಾಕುವವರು ಇರುವ ಬೀದಿ ಅದು. ಶಾಲೆ ಇರುವುದು ಲಾರಿ ರಸ್ತೆಯ ಆ ತುದಿಯಲ್ಲಿ, ಜಲ್ಲಿಕಲ್ಲಿನ ಮೇಲೆ ಗಟ್ಟಿಕಾಲಿನವರಿಗೂ ಮುಕ್ಕಾಲು ಗಂಟೆ ನಡಿಗೆ. ಆ ಬೀದಿಯ ಆರನೇ ಮನೆಯ ಹುಡುಗಿಗೆ ಎಡಗಾಲು ನಾಲ್ಕು ಬೆರಳಿನಷ್ಟು ಗಿಡ್ಡ. ಅಪ್ಪ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ, ಅಮ್ಮ ಬೀದಿಯ ಕೊನೆಯ ಇಸ್ತ್ರಿ ಅಂಗಡಿಯವಳು. ಹುಡುಗಿ ಒಂದು ಕೈಯನ್ನು ಮೊಣಕಾಲಿನ ಮೇಲೆ ಊರಿಕೊಂಡು ನಡೆಯುತ್ತಿದ್ದಳು. ವ್ಯಾನು ಬರುವ ತನಕ ಶಾಲೆಗೆ ಸೇರಿಸಿಯೇ ಇರಲಿಲ್ಲ. ಬಂದ ಮೇಲೆ ಸೇರಿದಳು, ಎರಡೇ ವರ್ಷದಲ್ಲಿ ನಾಲ್ಕು ವರ್ಷದ ಪಾಠ ಓದಿ ತನ್ನ ವಯಸ್ಸಿನವರ ಜೊತೆ ಕುಳಿತಳು. ಲೆಕ್ಕದಮ್ಮ ಹೋದಾಗಲೆಲ್ಲ ಪಕ್ಕದಲ್ಲಿ ಕುಳಿತು ಫಾರಮ್ಮಿನ ಅಕ್ಷರಗಳನ್ನು ತಲೆಕೆಳಗಾಗಿ ಓದಿ ತೋರಿಸುತ್ತಿದ್ದಳು. ಬೇರೆ ಮನೆಯಲ್ಲಿ ಕಾಲು ಗಂಟೆ ಕೂರುವ ಲೆಕ್ಕದಮ್ಮ ಆ ಮನೆಯಲ್ಲಿ ಒಂದು ಗಂಟೆ ಕೂರುತ್ತಿದ್ದಳು.

ಮೂರನೇ ವರ್ಷ ಹೋದಾಗ ಬಾಗಿಲ ಹೊರಗೆ, ಮಡಿಸಿದ ಬಟ್ಟೆಯ ಮೇಲೆ, ಕಂದು ಬಣ್ಣದ ಒಂದು ಜೊತೆ ಶೂ ಇತ್ತು. ಹೊಳೆಯುವ ಹಾಗೆ ಒರೆಸಿಟ್ಟಿದ್ದರು. ಬಲಗಾಲಿನದು ಎಲ್ಲ ಶೂಗಳ ಹಾಗೆ. ಎಡಗಾಲಿನದಕ್ಕೆ ಮಾತ್ರ ಚರ್ಮವನ್ನು ಪದರ ಪದರವಾಗಿ ಅಂಟಿಸಿ ನಾಲ್ಕು ಬೆರಳು ಎತ್ತರದ ಅಟ್ಟೆ ಕೂರಿಸಿತ್ತು. ಪಟ್ಟಣದ ಆಸ್ಪತ್ರೆಯ ಡಾಕ್ಟರು ಚೀಟಿ ಬರೆದುಕೊಟ್ಟರಂತೆ, ಅಲ್ಲಿನ ಒಬ್ಬ ಶೂ ಮಾಡುವವನು ಅಳತೆ ತೆಗೆದು ಮಾಡಿದನಂತೆ. ಅಪ್ಪನ ಎರಡು ತಿಂಗಳ ಕೂಲಿ ಅದರ ಬೆಲೆ. ಒಂದು ವರ್ಷ ಹೊಟ್ಟೆಬಟ್ಟೆ ಕಟ್ಟಿ, ಅಮ್ಮ ಒಂದು ವಸತಿಗೃಹದ ಹಾಸಿಗೆ ಬಟ್ಟೆಗಳನ್ನೆಲ್ಲ ಹೆಚ್ಚುವರಿಯಾಗಿ ಇಸ್ತ್ರಿಗೆ ಹಿಡಿದು ಕೂಡಿಸಿದ ದುಡ್ಡು. ಹುಡುಗಿ ಅದನ್ನು ಹಾಕಿಕೊಂಡು, ಮೊಣಕಾಲಿನಿಂದ ಕೈ ತೆಗೆದು, ಬೆನ್ನು ನೆಟ್ಟಗೆ ಮಾಡಿ, ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆದು ತೋರಿಸಿದಳು.

ಲೆಕ್ಕದಮ್ಮ ಬರೆಯುತ್ತ ಹೋದಳು. ಹದಿನೇಳನೇ ಸಾಲಿಗೆ ಬಂದಾಗ, ಶೂ ಬಿಟ್ಟರೆ ಆ ಮನೆಯಲ್ಲಿ ಕಾಲಿಗೆ ಬೇರೆ ಏನೂ ತಂದಿರಲಿಲ್ಲ. ಆ ಸಾಲನ್ನು ಖಾಲಿ ಬಿಟ್ಟು ಇಪ್ಪತ್ತಮೂರನೇ ಸಾಲಿಗೆ ಪೆನ್ನು ಇಟ್ಟಳು. ಅದು ವೈದ್ಯಕೀಯ ಸಾಧನಗಳ ಸಾಲು.

“ಅಲ್ಲಿ ಯಾಕೆ ಬರೀತೀರಿ ಅಮ್ಮ?” ಎಂದಳು ಹುಡುಗಿ.

“ಕನ್ನಡಕ, ಊರುಗೋಲು, ಇವನ್ನೆಲ್ಲ ಬರೆಯೋ ಜಾಗ ಮಗಾ ಇದು. ಡಾಕ್ಟ್ರು ಬರೆದುಕೊಟ್ಟಿದ್ದಲ್ವಾ.”

“ನಂದು ಊರುಗೋಲಲ್ಲ. ಶೂ.”

ಅಮ್ಮ ಒಳಗಿನಿಂದ ಗದರಿದಳು, ಕಚೇರಿಯ ಕೆಲಸಕ್ಕೆ ಬಾಯಿ ಹಾಕಬೇಡ ಎಂದಳು. ಹುಡುಗಿ ಜಗ್ಗಲಿಲ್ಲ.

“ಡಾಕ್ಟ್ರ ಚೀಟೀಲಿ ಸಾಧನ ಅಂತಿದೆ. ಶೂ ಮಾಡಿದವನ ಚೀಟೀಲೂ ಸಾಧನ ಅಂತಿದೆ. ಮೇಷ್ಟ್ರು ‘ಸಾಧನ ಹಾಕ್ಕೊಂಡು ಬಂದ್ಯಾ’ ಅಂತಾರೆ. ಎಲ್ರಿಗೂ ಶೂ ಇರುತ್ತೆ, ನಂಗೆ ಮಾತ್ರ ಸಾಧನ. ಪಾದರಕ್ಷೆ ಅಂತ ಮೇಲಿದೆಯಲ್ಲ, ಅಲ್ಲಿ ಬರೀರಿ. ಶೂ ಅಂತ ಬರೀರಿ.”

ಲೆಕ್ಕದಮ್ಮ ಹುಡುಗಿಯ ಮುಖ ನೋಡಿದಳು. ಹನ್ನೊಂದು ವರ್ಷದ ಮುಖ, ಮೂಗಿನ ತುದಿ ಕೆಂಪಾಗಿತ್ತು, ಇನ್ನೊಂದು ಮಾತಾಡಿದರೆ ಅಳು ಬರುವ ಹಾಗಿತ್ತು. ಪೆನ್ನು ಮೇಲೆ ಹೋಯಿತು. ಹದಿನೇಳನೇ ಸಾಲಿನಲ್ಲಿ ಬೆಲೆ ಬರೆದು, ಪಕ್ಕದ ಸಣ್ಣ ಜಾಗದಲ್ಲಿ ‘ಶೂ, ಒಂದು ಜೊತೆ’ ಎಂದು ಗುಂಡಗೆ ಬರೆದಳು. ಹುಡುಗಿ ಅದನ್ನು ತಲೆಕೆಳಗಾಗಿ ಓದಿದಳು, ಆಮೇಲೆ ಫಾರಂ ತಿರುಗಿಸಿಕೊಂಡು ಇನ್ನೊಮ್ಮೆ ಓದಿದಳು.

ಎರಡು ತಿಂಗಳಾದ ಮೇಲೆ ಹೊಸ ಪಟ್ಟಿ ಬಂತು. ಗೋದಾಮಿನ ಹಿಂದಿನ ಬೀದಿ ಅದರಲ್ಲಿ ಇರಲಿಲ್ಲ. ಯಾರೋ ಬಿಟ್ಟುಬಿಟ್ಟಿದ್ದಾರೆ ಎಂದುಕೊಂಡು ಲೆಕ್ಕದಮ್ಮ ಗುಮಾಸ್ತನ ಮೇಜಿಗೆ ಹೋಗಿ ಕೂಡಿಸಿದ ಹಾಳೆ ಈಸಿಕೊಂಡಳು. ಒಂದೊಂದೇ ಮನೆಯ ಮೇಲೆ ಬೆರಳಿಟ್ಟು ಬಂದಳು. ಉಳಿದ ಏಳು ಮನೆಯದೆಲ್ಲ ಸೇರಿಸಿದರೂ ಆರನೇ ಮನೆಯ ಆ ಒಂದು ಜೊತೆಯ ಅರ್ಧ ಆಗುತ್ತಿರಲಿಲ್ಲ. ಹಾಳೆಯ ಪ್ರಕಾರ ಆ ಬೀದಿ ಒಂದೇ ವರ್ಷದಲ್ಲಿ ಸುಧಾರಿಸಿಬಿಟ್ಟಿತ್ತು. ಅವಳ ಬೆರಳು ಆರನೇ ಮನೆಯ ಮೇಲೆಯೇ ನಿಂತಿತು. ಗುಮಾಸ್ತ ಎರಡು ಸಲ ಕರೆದ ಮೇಲೆ ಹಾಳೆ ವಾಪಸು ಕೊಟ್ಟಳು.

ಸಾಹೇಬರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಪ್ಪು ಸಾಲಿಗೆ ಬರೆದೆ, ನನ್ನ ಮೇಲೆ ಏನು ಕ್ರಮ ಬೇಕಾದರೂ ತೆಗೆದುಕೊಳ್ಳಿ, ಪಟ್ಟಿ ತಿದ್ದಿ ಎಂದಳು. ಸಾಹೇಬರು ಬಯ್ಯಲಿಲ್ಲ. ವ್ಯಾನು ಆಗಲೇ ಇನ್ನೊಂದು ಬೀದಿಗೆ ಹೋಗುತ್ತಿದೆ, ಅಲ್ಲೂ ಮೂವತ್ತು ಮಕ್ಕಳು ಹತ್ತಿ ಕುಳಿತಿದ್ದಾರೆ ಎಂದರು. “ಅವರನ್ನ ಇಳಿಸಿ ಅಂತ ನಾನು ಹೇಗೆ ಹೇಳ್ಲಿ? ನೀವೇ ಹೋಗಿ ಹೇಳ್ತೀರಾ ಅಮ್ಮ?” ಮುಂದಿನ ವರ್ಷ ಸರಿಯಾಗಿ ಬರೆಯಿರಿ ಎಂದು ಕಳಿಸಿದರು.

ಆ ರಾತ್ರಿ ತಂಗಿ ಬಡಿಸಿದ್ದನ್ನು ಮುಟ್ಟದೆ ಕುಳಿತಿದ್ದ ಲೆಕ್ಕದಮ್ಮ, ತಂಗಿ ಕೇಳುವ ಮೊದಲೇ ಹೇಳಿದಳು: “ಇಷ್ಟು ವರ್ಷದಲ್ಲಿ ಒಂದು ದಿನ ಚಪ್ಪಲಿ ಬಿಟ್ಟು ಮುಖ ನೋಡಿದೆ ಕಣೆ.” ತಂಗಿ ಆ ಹಳೆಯ ಮಾತನ್ನು ಮತ್ತೆಂದೂ ಆಡಲಿಲ್ಲ.

ಹುಡುಗಿ ನಡೆದಳು. ಬೀದಿಯ ಬೇರೆ ಮಕ್ಕಳು ಮುಕ್ಕಾಲು ಗಂಟೆಯಲ್ಲಿ ಮುಟ್ಟುವುದನ್ನು ಅವಳು ಒಂದೂವರೆ ಗಂಟೆಯಲ್ಲಿ ಮುಟ್ಟಿದಳು; ಹೋಗುವಾಗ ಅಷ್ಟು, ಬರುವಾಗ ಅಷ್ಟು. ಪದರ ಪದರದ ಅಟ್ಟೆ ಜಲ್ಲಿಕಲ್ಲಿಗೆ ಮಾಡಿದ್ದಲ್ಲ. ಐದನೇ ತಿಂಗಳಿಗೆ ಹೊರಮಗ್ಗುಲು ತೇದುಹೋಗಿ ಶೂ ವಾಲಿತು. ಅಪ್ಪ ಲಾರಿ ಟೈರಿನ ತುಂಡು ಕತ್ತರಿಸಿ ಮೊಳೆ ಹೊಡೆದ. ಅದು ಇನ್ನೊಂದು ಮಗ್ಗುಲಿಗೆ ವಾಲಿತು. ಸೊಂಟ ನೋವು ಶುರುವಾಯಿತು, ಎದ್ದರೆ ಕೂರಲಾಗದು, ಕೂತರೆ ಏಳಲಾಗದು. ಪಟ್ಟಣದ ಶೂ ಮಾಡುವವನು ಅಟ್ಟೆ ಬುಡದಿಂದ ಹೊಸದು ಹಾಕಬೇಕು ಎಂದು ಹೇಳಿದ ಬೆಲೆ ಕೇಳಿ ಅಪ್ಪ ಶೂವನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿ ವಾಪಸು ಬಂದ.

ಲೆಕ್ಕದಮ್ಮ ಒಂದು ಲಕೋಟೆಯಲ್ಲಿ ತನ್ನ ಸಂಬಳದ ದುಡ್ಡು ಇಟ್ಟುಕೊಂಡು ಇಸ್ತ್ರಿ ಅಂಗಡಿಗೆ ಹೋದಳು. ಯಾಕೆ ಕೊಡುತ್ತಿದ್ದೇನೆ ಎಂದು ಹೇಳುವ ಧೈರ್ಯ ಬರಲಿಲ್ಲ. ಕಾರಣ ಗೊತ್ತಿಲ್ಲದ ದುಡ್ಡನ್ನು ಆ ತಾಯಿ ಮುಟ್ಟಲಿಲ್ಲ. ಇಸ್ತ್ರಿಪೆಟ್ಟಿಗೆಯ ಕೆಂಡ ಕೆದಕುತ್ತ, “ಕಚೇರಿಯವರ ಹತ್ರ ದುಡ್ಡು ಇಸ್ಕೊಂಡ್ರೆ ಮುಂದಿನ ವರ್ಷ ನೀವು ಅದನ್ನೂ ಬರ್ಕೋಬೇಕಾಗುತ್ತಲ್ಲ ಅಮ್ಮ” ಎಂದು ನಕ್ಕಳು. ಲಕೋಟೆ ಚೀಲಕ್ಕೆ ವಾಪಸು ಹೋಯಿತು.

ಆ ಬೇಸಗೆಗೆ ಹುಡುಗಿಯ ಶಾಲೆ ನಿಂತಿತು.

ಮುಂದಿನ ಸಮೀಕ್ಷೆಯಲ್ಲಿ ಆರನೇ ಮನೆಯ ಹದಿನೇಳನೇ ಸಾಲಿಗೆ ಸೊನ್ನೆ ಬಿತ್ತು, ಬೀದಿ ಪಟ್ಟಿಗೆ ಬಂತು, ವ್ಯಾನೂ ಬಂತು. ಅಷ್ಟು ಹೊತ್ತಿಗೆ ಹುಡುಗಿ ಅಮ್ಮನ ಅಂಗಡಿಯಲ್ಲಿ ಕುಳಿತು ಬಟ್ಟೆಗಳಿಗೆ ನಂಬರಿನ ಚೀಟಿ ಕಟ್ಟುತ್ತಿದ್ದಳು. ಬೀದಿಯವರ ಬಟ್ಟೆ, ವಸತಿಗೃಹದ ಬಟ್ಟೆ ಬೆರೆಯದ ಹಾಗೆ ಚೊಕ್ಕವಾಗಿ ಬರೆಯುವವರು ಬೇಕಾಗಿತ್ತು, ಅವಳ ಅಕ್ಷರ ಗುಂಡಗಿತ್ತು. ಶಾಲೆಗೆ ಹೋಗು ಎಂದರೆ, ಚಿಕ್ಕಮಕ್ಕಳ ಜೊತೆ ಮತ್ತೆ ಕೂರುವುದಿಲ್ಲ ಎಂದಳು. ವ್ಯಾನು ಅಂಗಡಿಯ ಮುಂದೆ ನಿಂತಾಗ ಅವಳು ಬೆನ್ನು ತಿರುಗಿಸಿ ಬಟ್ಟೆಯ ರಾಶಿಯಲ್ಲಿ ಏನಾದರೂ ಹುಡುಕುತ್ತಿದ್ದಳು. ಲೆಕ್ಕದಮ್ಮ ಅದನ್ನು ಒಂದು ಸಲ ನೋಡಿದಳು, ಆಮೇಲೆ ಆ ಹೊತ್ತಿಗೆ ಆ ಬೀದಿಗೆ ಹೋಗುವುದನ್ನು ಬಿಟ್ಟಳು.

ಲೆಕ್ಕದಮ್ಮ ಕೆಲಸದಿಂದ ನಿವೃತ್ತಳಾಗಿ ಕೆಲವು ವರ್ಷವಾಯಿತು. ಹುಡುಗಿಗೆ ಈಗ ಮೂವತ್ತು ದಾಟಿದೆ, ಕಿವಿಯ ಮೇಲೆ ಒಂದೆರಡು ಬಿಳಿ ಕೂದಲು. ಅಪ್ಪ ಇಲ್ಲ. ಅಮ್ಮನ ಕೈ ನಡುಗುವುದರಿಂದ ಅಂಗಡಿ ಅವಳದೇ. ಎಡಗಾಲಿಗೆ ಕಪ್ಪು ರಬ್ಬರಿನ ಎತ್ತರದ ಚಪ್ಪಲಿ, ಬಾರನ್ನು ತಾನೇ ದಬ್ಬಳದಲ್ಲಿ ಹೊಲಿದುಕೊಂಡದ್ದು. ಲೆಕ್ಕದಮ್ಮ ವಾರಕ್ಕೊಮ್ಮೆ ಏನಾದರೂ ಬಟ್ಟೆ ಹಿಡಿದುಕೊಂಡು ಅಲ್ಲಿಗೆ ಹೋಗುತ್ತಾಳೆ. ಕೊಡುವುದಕ್ಕೆ ಏನೂ ಇಲ್ಲದಿದ್ದರೆ ಹಾಸಿಗೆಯ ಮೇಲಿನ ಹೊದಿಕೆಯನ್ನೇ ಎಳೆದುಕೊಂಡು ಹೊರಡುತ್ತಾಳೆ. “ಹೊದಿಕೆಗೆ ಇಸ್ತ್ರಿ ಹಾಕಿಸೋರನ್ನ ಈ ಜನ್ಮದಲ್ಲಿ ನಿನ್ನೊಬ್ಬಳನ್ನೇ ನೋಡಿದ್ದು. ರಾತ್ರಿ ಮಗ್ಗುಲು ಹೊರಳ್ಬೇಡ, ಸುಕ್ಕಾದೀತು” ಎಂದು ತಂಗಿ ಯಂತ್ರದ ಹಿಂದಿನಿಂದ ಕೂಗುತ್ತಾಳೆ.

ಹೋದ ಸೋಮವಾರ ಹಾಗೆಯೇ ಹೊದಿಕೆ ಹಿಡಿದು ನಿಂತಿದ್ದಾಗ ಶಾಲೆಯ ವ್ಯಾನು ಬೀದಿಯ ಒಳಗೆ ಬಂತು. ಒಂದು ಪುಟ್ಟ ಮಗು ಮೆಟ್ಟಿಲು ಎಟುಕದೆ ತಡಮಾಡುತ್ತಿತ್ತು, ಡ್ರೈವರು ಹಾರನ್ನು ಹೊಡೆದ. ಇಸ್ತ್ರಿ ಮಾಡುತ್ತಿದ್ದ ಆ ಹುಡುಗಿ ಕೈ ನಿಲ್ಲಿಸಿ ನೋಡಿದಳು.

“ನಾನೂ ಹೀಗೇ ಅಮ್ಮ, ಹತ್ತೋಕೆ ತುಂಬಾ ಹೊತ್ತು ಮಾಡ್ತಿದ್ದೆ. ಆಗಿನ ಡ್ರೈವರಣ್ಣ ಒಂದಿನ ‘ನಿನ್ನೊಬ್ಬಳಿಂದ ಎಲ್ರಿಗೂ ತಡ’ ಅಂದ. ಅದಾಗಿ ವಾರಕ್ಕೇ ಗಾಡಿ ನಿಂತ್ಹೋಯ್ತು. ಬೀದಿ ಮಕ್ಕಳೆಲ್ಲ ಒಂದು ವರ್ಷ ನನ್ನಿಂದ ನಡೆದ್ರು. ಯಾರೂ ಬಾಯಿ ಬಿಟ್ಟು ಅನ್ನಲಿಲ್ಲ, ಪಾಪ.”

ಇಷ್ಟು ವರ್ಷ ಈ ಮಗು ಇಲ್ಲದ ತಪ್ಪನ್ನು ಹೊತ್ತುಕೊಂಡು ಕುಳಿತಿದೆಯಲ್ಲ ಎಂದುಕೊಂಡಳು ಲೆಕ್ಕದಮ್ಮ. ಅದನ್ನು ಇಳಿಸಬೇಕು ಎನ್ನುವುದೊಂದೇ ಆಗ ಅವಳ ತಲೆಯಲ್ಲಿ ಇದ್ದದ್ದು. ಹೊದಿಕೆಯನ್ನು ಹಲಗೆಯ ಮೇಲಿಟ್ಟು, ನಿಂತಲ್ಲೇ ಎಲ್ಲ ಹೇಳಿದಳು. ಕಟ್ಟಳೆ, ಎಂಟು ಮನೆ, ಹದಿನೇಳನೇ ಸಾಲು, ಗುಮಾಸ್ತನ ಹಾಳೆ, ಸಾಹೇಬರು ಆಡಿದ ಮಾತು. ನಿನ್ನ ಕಾಲಿನಿಂದ ಗಾಡಿ ನಿಲ್ಲಲಿಲ್ಲ ಮಗಾ, ನಾನು ತಪ್ಪು ಸಾಲಿಗೆ ಬರೆದದ್ದರಿಂದ ನಿಂತಿತು ಎಂದಳು.

ಆಕೆ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆ ಸುಡದ ಹಾಗೆ ಎತ್ತಿ ನಿಲ್ಲಿಸಿದಳು.

“ನಾನು ಹಠ ಮಾಡಿದ್ನಲ್ಲ, ಶೂ ಅಂತ ಬರೀರಿ ಅಂತ,” ಎಂದಳು ಆಮೇಲೆ.

“ನೀನು ಮಗು. ಬರೆದ ಕೈ ನಂದು.”

“ಬರೆಸಿದ ಬಾಯಿ ನಂದೇ ಅಲ್ವಾ ಅಮ್ಮ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಸರಿಮಾಡುವವಳ ಹಾಗೆ ಮೆಲ್ಲಗೆ ಹೇಳುತ್ತಿದ್ದಳು. “ಕಾಲಿಂದ ನಿಂತಿದ್ದು ಅಂದ್ಕೊಂಡಿದ್ದೆ. ಕಾಲು ನಾನು ಮಾಡ್ಕೊಂಡಿದ್ದಲ್ವಲ್ಲ, ಏನು ಮಾಡೋದು ಅಂತ ಹೇಗೋ ಸಮಾಧಾನ ಮಾಡ್ಕೋತಿದ್ದೆ. ಮಾತಿಂದ ನಿಂತಿದ್ದು ಅಂತ ಗೊತ್ತಿರ್ಲಿಲ್ಲ.”

ಲೆಕ್ಕದಮ್ಮ ಹಲಗೆಯ ಅಂಚು ಹಿಡಿದುಕೊಂಡಳು. ಹೇಳಿದ್ದನ್ನು ಹೊಡೆದುಹಾಕಲು ಪೆನ್ನೂ ಇರಲಿಲ್ಲ, ಸಾಲೂ ಇರಲಿಲ್ಲ. ಆಕೆ ಹೊದಿಕೆಯ ಮೂಲೆಗೆ ಚೀಟಿ ಕಟ್ಟಿ, ನಂಬರು ಬರೆದು, ಇನ್ನೊಂದು ಚೀಟಿ ಹರಿದು ಕೈಗೆ ಕೊಟ್ಟಳು. “ಗುರುವಾರ ಬನ್ನಿ.”

ಮನೆಗೆ ಬಂದ ಅಕ್ಕನ ಮುಖ ನೋಡಿ ತಂಗಿ ಯಂತ್ರ ನಿಲ್ಲಿಸಿದಳು. ಕೇಳಿದ್ದಕ್ಕೆಲ್ಲ ಉತ್ತರ ಬಂತು, ಒಂದೊಂದೇ ಮಾತಿನಲ್ಲಿ. ಮೂರು ರಾತ್ರಿ ಲೆಕ್ಕದಮ್ಮ ಹೊದಿಕೆಯಿಲ್ಲದೆ ಮಲಗಿದಳು. ತಂಗಿ ತನ್ನದನ್ನು ತಂದು ಹೊದಿಸಿದರೆ ಬೆಳಿಗ್ಗೆ ಅದು ಮಡಿಸಿ ಕಾಲ್ದೆಸೆಯಲ್ಲಿ ಇರುತ್ತಿತ್ತು.

ಗುರುವಾರ ಹೋಗುವುದೋ ಬೇಡವೋ ಎಂದು ಮಧ್ಯಾಹ್ನದವರೆಗೆ ತಡೆದು, ಕೊನೆಗೆ ಹೋದಳು. ಹೊದಿಕೆ ಸಿದ್ಧವಾಗಿತ್ತು, ಅಂಚಿಗೆ ಅಂಚು ಕೂಡಿಸಿ ಮಡಿಸಿತ್ತು. ಚೀಟಿ ಕೊಟ್ಟಳು, ಹೊದಿಕೆ ತೆಗೆದುಕೊಂಡಳು. ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಮಾತು ಬಂತು.

“ಅಮ್ಮ, ಆ ಹಾಳೆ ಇನ್ನೂ ಇರುತ್ತಾ ಕಚೇರೀಲಿ?”

“ಇಲ್ಲ ಮಗಾ. ಐದು ವರ್ಷಕ್ಕೆ ರದ್ದಿಗೆ ಹಾಕ್ತಾರೆ.”

ಆಕೆ ಇಸ್ತ್ರಿಪೆಟ್ಟಿಗೆಯ ತಳಕ್ಕೆ ಒದ್ದೆ ಬೆರಳು ತಾಗಿಸಿ ಶಾಖ ನೋಡಿದಳು. “ಇದ್ದಿದ್ರೆ ಒಂದ್ಸಲ ನೋಡ್ಬೇಕಿತ್ತು. ಶೂ ಅಂತ ಬರೆದಿದ್ದು ಅದೊಂದೇ ಕಡೆ” ಎಂದು ಹೇಳಿ ಮುಂದಿನ ಬಟ್ಟೆ ಹರವಿದಳು.

ಮಾರನೆಯ ದಿನ ಬೆಳಿಗ್ಗೆ ಲೆಕ್ಕದಮ್ಮ ಎಂದಿನಂತೆ ಬಾಗಿಲು ತೆಗೆದಳು. ಮೆಟ್ಟಿಲ ಮೇಲಿದ್ದ ಎರಡು ಜೊತೆ ಚಪ್ಪಲಿಯನ್ನು ಎತ್ತಿ ಪಕ್ಕದ ಕಟ್ಟೆಯ ಮೇಲಿಟ್ಟು, ಕಸಪೊರಕೆ ಹಿಡಿದು ಬಾಗಿದಳು. ತಂಗಿಯ ಚಪ್ಪಲಿಯ ಉಂಗುಷ್ಟ ಕಿತ್ತುಬಂದಿತ್ತು, ದಾರ ಸುತ್ತಿಕೊಂಡಿದ್ದಳು. ಯಾವಾಗ ಕಿತ್ತಿತೋ, ಅವಳು ಹೇಳಿರಲಿಲ್ಲ, ಇವಳು ನೋಡಿರಲಿಲ್ಲ. ಲೆಕ್ಕದಮ್ಮ ಮೆಟ್ಟಿಲ ಮೂಲೆಯ ದಾರದ ತುಂಡು, ಬಟ್ಟೆಯ ಚೂರುಗಳನ್ನು ಗುಡಿಸಿ ತೆಗೆದು, ನೀರು ಚೆಲ್ಲಿ ಉಜ್ಜಿದಳು. ಕಲ್ಲು ಆರುವವರೆಗೆ ನಿಂತಿದ್ದು, ಚಪ್ಪಲಿಗಳನ್ನು ಜೊತೆ ಜೊತೆಯಾಗಿ ಮೊದಲಿದ್ದಲ್ಲೇ ಇಟ್ಟು, ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು.